ಹಳ್ಳದ ಆಚೆಯ ಆಕಳು

ನನ್ನನ್ನು ದೂರಕ್ಕೇನೂ ಮದುವೆ ಮಾಡಿಕೊಟ್ಟಿರಲಿಲ್ಲ. ನನ್ನ ತವರು ಶಿಕಾರಿಪುರ ತಾಲ್ಲೂಕಿನ ಕೊನೆಯ ಊರು, ಗಂಡನ ಮನೆ ಸೊರಬ ತಾಲ್ಲೂಕಿನ ಮೊದಲ ಊರು. ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ನಿರಿಗೆ ಎತ್ತಿಕೊಳ್ಳದೆ ದಾಟಬಹುದು, ಅಷ್ಟೇ ನೀರು. ಆದರೂ ಬಂದ ಮೊದಲ ವಾರದಲ್ಲೇ ನಾನು ಬೇರೆ ದೇಶಕ್ಕೆ ಬಂದಿದ್ದೇನೆ ಅನ್ನಿಸಿತು. ನಾನು ‘ಐತಿ’ ಅಂದರೆ ಇಲ್ಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನೀರಿಗೆ ಹೋದರೆ ಬಾವಿಕಟ್ಟೆಯ ಮೇಲೆ ಒಬ್ಬಳು ಹೇಳಿಯೇ ಬಿಟ್ಟಳು: “ದನಗಳ್ಳರ ಊರಿನ ಹುಡುಗಿ ಬಂದ್ಲು, ಕೊಟ್ಟಿಗೆ ಬಾಗಿಲು ಭದ್ರ ಮಾಡ್ಕೊಳ್ರೇ!”

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಪ್ಪನ ಕೊಟ್ಟಿಗೆಯಲ್ಲಿ ಇದ್ದದ್ದೆಲ್ಲ ನಮ್ಮ ಮನೆಯಲ್ಲೇ ಹುಟ್ಟಿದ ದನ. ಆಮೇಲೆ ತಿಳಿಯಿತು, ಈ ಕುಚೋದ್ಯ ನನ್ನ ಕಾಲದ್ದಲ್ಲ, ಏಳೆಂಟು ನೂರು ವರ್ಷದ್ದು ಎಂದು. ಅದಕ್ಕೆ ಆಧಾರ ಕೆರೆ ಏರಿಯ ಮೇಲೆ ನಿಂತಿತ್ತು. ನಮ್ಮ ಎರಡು ತಾಲ್ಲೂಕಿನಲ್ಲಿ ವೀರಗಲ್ಲಿಲ್ಲದ ಊರು ಸಿಗುವುದು ಕಷ್ಟ. ಕೆಲವು ಪೂಜೆ ಮಾಡಿಸಿಕೊಳ್ಳುತ್ತವೆ, ಕೆಲವು ಬಟ್ಟೆ ಒಗೆಸಿಕೊಳ್ಳುತ್ತವೆ. ಕೆಳಗಿನ ಪಟ್ಟಿಯಲ್ಲಿ ದನದ ಸಾಲು, ಅದರ ಮುಂದೆ ಕತ್ತಿ, ಬಿಲ್ಲು ಹಿಡಿದವರು. ಅದರ ಮೇಲೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ತುದಿಯಲ್ಲಿ ಲಿಂಗ, ಬಸವ. ಆ ಕಾಲದಲ್ಲಿ ಒಬ್ಬ ರಾಜನ ಗಡಿ ಎಲ್ಲಿ ಮುಗಿಯಿತು, ಇನ್ನೊಬ್ಬನದು ಎಲ್ಲಿ ಶುರುವಾಯಿತು ಎನ್ನುವುದು ಅವರಿಗೇ ಗೊತ್ತಿರಲಿಲ್ಲ. ಹಳ್ಳ ದಾಟಿ ಆಚೆಯವರ ದನ ಹೊಡೆದುಕೊಂಡು ಬರುವುದೇ ಯುದ್ಧ. ಏರಿಯ ಮೇಲಿನ ಒಂದು ಕಲ್ಲು ನಮ್ಮ ಮಾವನವರ ಮನೆತನದ್ದು. ದೀಪಾವಳಿಗೆ ಅವರೇ ಕೊಡ ಹೊತ್ತುಕೊಂಡು ಹೋಗಿ ಅದರ ಮೈ ತೊಳೆದು ಚೆಂಡುಹೂ ಇಟ್ಟು ಬರುತ್ತಿದ್ದರು. ಆ ವೀರ ಸತ್ತದ್ದು ನನ್ನ ತವರಿನವರು ಹೊಡೆದುಕೊಂಡು ಹೋದ ದನವನ್ನು ಬಿಡಿಸಿಕೊಂಡು ಬರುವಾಗ ಎಂದು ಹೇಳುತ್ತಿದ್ದರು.

ನಮ್ಮೂರಲ್ಲೂ ಅಂಥದೇ ಕಲ್ಲಿದೆ, ಅದರಲ್ಲಿ ಕಳ್ಳರು ನೀವು ಎಂದು ನಾನು ಊಟ ಬಡಿಸುತ್ತಾ ಒಂದು ದಿನ ಹೇಳಿದೆ. ಹೊಸ ಸೊಸೆ ಹಾಗೆ ಮಾತಾಡಬಾರದಿತ್ತು, ಅತ್ತೆ ಕಣ್ಣು ಬಿಟ್ಟರು. ಮಾವ ಮಾತ್ರ ತುತ್ತು ಕೈಯಲ್ಲೇ ಹಿಡಿದು ನಕ್ಕರು.

“ಇರ್ಬೋದು ಕಣವ್ವ. ಆವತ್ತು ಸರದಿ ನಮ್ದಿರ್ಬೋದು” ಎಂದರು.

ಆ ಮನೆಯಲ್ಲಿ ನನಗೆ ಮೊದಲು ಹಿತವಾದ ಮನುಷ್ಯ ಅವರೇ. ಇದನ್ನು ಇಲ್ಲೇ ಹೇಳಿಬಿಡಬೇಕು.

ನನ್ನ ಗಂಡ ಪಕ್ಕದೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಓದಿನ ಹುಚ್ಚಿನವರು. ಶಿವಮೊಗ್ಗದಲ್ಲಿ ಓದುವಾಗ ಕೊಂಡಿದ್ದ ಇಂಗ್ಲೆಂಡಿನ ಇತಿಹಾಸದ ಪುಸ್ತಕವೊಂದು ಅವರ ಟ್ರಂಕಿನಲ್ಲಿತ್ತು. ದನಗಳ್ಳರ ಕಥೆ ಎತ್ತಿ ನಾನು ಮುಖ ಊದಿಸಿಕೊಂಡು ಕೂತರೆ ಅವರು ಆ ಪುಸ್ತಕ ತೆಗೆಯುತ್ತಿದ್ದರು.

“ನೋಡು, ಅಲ್ಲೂ ಹಿಂಗೇ. ಇಂಗ್ಲೆಂಡು, ಸ್ಕಾಟ್ಲೆಂಡು ಎರಡು ರಾಜ್ಯ. ನಡುವೆ ಗುಡ್ಡ, ಹಳ್ಳ. ನೂರಾರು ವರ್ಷ ಆ ಕಡೆಯವರು ಈ ಕಡೆ ದನ ಹೊಡ್ಕೊಂಡು ಹೋದ್ರು, ಈ ಕಡೆಯವರು ಆ ಕಡೆ ದನ ಹೊಡ್ಕೊಂಡು ಬಂದ್ರು.”

ರಾಜರು ಬಾವುಟ ಹಿಡಿದು ಬಂದು ಜಗಳವಾಡಿ ತಮ್ಮ ತಮ್ಮ ಅರಮನೆಗೆ ಹೋಗುತ್ತಿದ್ದರಂತೆ. ಗಡಿಯವರಿಗೆ ಹೋಗಲು ಅರಮನೆ ಇರಲಿಲ್ಲ, ಅವರು ಜಗಳ ಮುಂದುವರಿಸಿದರು. ದಪ್ಪ ಕಲ್ಲಿನ ಮನೆ ಕಟ್ಟಿ ಕೆಳಗೆ ದನ, ಮೇಲೆ ಜನ ಇದ್ದು, ಶತ್ರು ಬಂದಾಗ ಏಣಿಯನ್ನೂ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಒಂದೇ ಸೂರಿನ ಕೆಳಗೆ ದನದ ಜತೆ ಮಲಗುವುದು ನನಗೆ ಹೊಸದೇನಲ್ಲ, ಏಣಿ ಮಾತ್ರ ಹೊಸದು. ಕಳೆದುಕೊಂಡವನು ನಾಯಿ, ಕಹಳೆಯ ಜತೆ, ಈಟಿಯ ತುದಿಗೆ, ಅಲ್ಲಿನವರು ಸೌದೆಯಂತೆ ಉರಿಸುವ ಜೌಗುಮಣ್ಣಿನ ಹೆಂಟೆಯನ್ನು ಹೊತ್ತಿಸಿ ಸಿಕ್ಕಿಸಿಕೊಂಡು ಗಡಿ ದಾಟಿ ಬೆನ್ನಟ್ಟಬಹುದಿತ್ತು. ಅದನ್ನು ನೋಡಿದವನು ಯಾರೇ ಇರಲಿ, ಮಾಡುತ್ತಿದ್ದ ಕೆಲಸ ಬಿಟ್ಟು ಜತೆಗೆ ಓಡಬೇಕು. ಓಡದಿದ್ದರೆ ಅವನೂ ಕಳ್ಳರ ಪಾಲುದಾರ. ಗಡಿಯ ಆಚೆಯ ಹೆಣ್ಣನ್ನು ಅಪ್ಪಣೆಯಿಲ್ಲದೆ ಮದುವೆಯಾದರೆ ಅದು ರಾಜದ್ರೋಹ.

“ಹಂಗಾರ ನನ್ನ ಕಟ್ಕೊಂಡಿದ್ದಕ್ಕ ನಿಮ್ಮನ್ನ ಗಲ್ಲಿಗೆ ಹಾಕ್ತಿದ್ರು ಅನ್ರಿ” ಅಂದೆ.

“ನನ್ನೊಬ್ಬನ್ನೇ ಅಲ್ಲ, ನಿನ್ನೂ” ಎಂದರು. ಇಬ್ಬರೂ ನಕ್ಕೆವು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು, ನಮಗೆ ಅದೆಲ್ಲ ಕಥೆ.

ಮರು ವರ್ಷ ತವರಿನಲ್ಲಿ ಹೆತ್ತು, ಹೆಣ್ಣು ಕೂಸು ಎತ್ತಿಕೊಂಡು ದೀಪಾವಳಿಯ ಹೊತ್ತಿಗೆ ಗಂಡನ ಮನೆಗೆ ಬಂದೆ. ಬಂದ ಸ್ವಲ್ಪ ದಿನಕ್ಕೆ ಊರಿನ ದನಗಳಿಗೆ ದೊಡ್ಡರೋಗ ಬಡಿಯಿತು. ಈಗಿನವರು ಅದನ್ನು ನೋಡಿಲ್ಲ, ನೋಡುವುದೂ ಬೇಡ. ದನದ ಕಣ್ಣಲ್ಲಿ ನೀರು, ಬಾಯೆಲ್ಲ ಹುಣ್ಣು, ಆಮೇಲೆ ಭೇದಿ, ಆಮೇಲೆ ಕಾಲು ಮಡಚಿ ಕೂತದ್ದು ಏಳುವುದಿಲ್ಲ. ಭತ್ತ ಕೊಯ್ದು ಕಣಕ್ಕೆ ಹಾಕಿದ್ದರು, ತುಳಿಸುವುದಕ್ಕೆ ಎತ್ತಿರಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಎತ್ತು, ಹಸು, ಎಮ್ಮೆ ಎಲ್ಲ ಹೋದವು. ಮಾವ ಒಂದೊಂದನ್ನೂ ಎಳೆಸಿಕೊಂಡು ಹೋಗಿ ಹುಗಿದು ಬರುತ್ತಿದ್ದರು. ಖಾಲಿ ಗೂಟಗಳ ನಡುವೆ ಕಸ ಗುಡಿಸುವ ಕೆಲಸವೂ ಇಲ್ಲದೆ ಅತ್ತೆ ಪೊರಕೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು.

ಅದೇ ಹೊತ್ತಿಗೆ ನನಗೆ ಜ್ವರ ಬಂದು ಎದೆಹಾಲು ಬತ್ತಿತು. ಊರಲ್ಲಿ ಕರೆಯುವ ದನವಿಲ್ಲ, ಮೇಕೆಗಳೂ ಸತ್ತಿದ್ದವು. ಕೂಸಿಗೆ ಅಕ್ಕಿ ಗಂಜಿಯ ತಿಳಿ ಕುಡಿಸಿದೆವು. ಐದು ತಿಂಗಳ ಕೂಸು ಅದರಲ್ಲಿ ಎಷ್ಟು ದಿನ ಇದ್ದೀತು? ತೊಡೆಯ ಚರ್ಮ ಸುಕ್ಕಾಗಿ ಜೋತುಬಿತ್ತು, ಅಳುವುದನ್ನೂ ಕಡಿಮೆ ಮಾಡಿತು. ತವರಿಗೆ ಎತ್ತಿಕೊಂಡು ಹೋಗೋಣವೆಂದರೆ, ರೋಗದ ಊರಿನಿಂದ ಬಂದವರನ್ನು ಮನೆಯೊಳಗೆ ಸೇರಿಸಬಾರದೆಂದು ತವರೂರಿನ ಹಿರಿಯರು ಕಟ್ಟು ಮಾಡಿದ್ದರು.

ಸುದ್ದಿ ಕೇಳಿ ಅಣ್ಣ ಊರಿನವರ ಕಣ್ಣು ತಪ್ಪಿಸಿ ಒಂದು ಮಧ್ಯಾಹ್ನ ಬಂದ. ನನಗಿಂತ ಆರು ವರ್ಷ ದೊಡ್ಡವನು. ಹೆಚ್ಚು ಮಾತಿನವನಲ್ಲ. ಕೂಸಿನ ಅಂಗೈಯಲ್ಲಿ ತನ್ನ ಬೆರಳು ಇಟ್ಟ. ಅದು ಹಿಡಿದುಕೊಳ್ಳಲಿಲ್ಲ. ಅವನ ಮುಖ ಕಪ್ಪಿಟ್ಟಿತು.

“ನಮ್ಮ ಕೆಂದಾಕಳ ಈಯೋದೈತಿ. ಈದ ಕೂಡ್ಲೆ ಹೊಡ್ಕೊಂಡ ಬರ್ತೀನಿ. ಅಳಬ್ಯಾಡ” ಎಂದು ಹೇಳಿ ಹೋದ.

ಆ ಆಕಳನ್ನು ಕರುವಾಗಿದ್ದಾಗಿನಿಂದ ಸಾಕಿದವಳು ನಾನೇ. ಮಾವನಿಗೆ ಹೇಳಿದೆ, ಅಣ್ಣ ಆಕಳು ತರುತ್ತಾನೆ ಎಂದು. ಅವರು ತಲೆಯಾಡಿಸಿದರು. “ಈ ಹೊತ್ತಲ್ಲಿ ಕರೆಯೋ ದನ ಯಾರು ಕೊಡ್ತಾರವ್ವ? ಬಾಯಿಮಾತಿಗೆ ಹೇಳಿರ್ತಾನೆ” ಎಂದರು. ಅವನು ತರದಿದ್ದರೆ ನಾನು ಬೇಜಾರು ಮಾಡಿಕೊಳ್ಳಬಾರದೆಂದು ಹಾಗೆ ಹೇಳಿದರು.

ಇದಾದ ಮೇಲೆ ಊರಿನಲ್ಲಿ ಒಂದು ಮಾತು ಹಬ್ಬಿತು. ಹಳ್ಳದ ಆಚೆ ಒಂದು ದನವೂ ಸತ್ತಿಲ್ಲ ಯಾಕೆ? ನನಗೆ ಗೊತ್ತಿತ್ತು, ನನ್ನ ಗಂಡನಿಗೆ ಗೊತ್ತಿತ್ತು: ಅಲ್ಲಿ ರೋಗ ಬರುವ ಮೊದಲೇ ದನದ ಡಾಕ್ಟರು ಬಂದು ಸೂಜಿ ಹಾಕಿ ಹೋಗಿದ್ದರು. ಈ ಊರಿನ ಸರದಿ ಇನ್ನೂ ಬಂದಿರಲಿಲ್ಲ. ಆದರೆ ಊರಿನವರು ಲೆಕ್ಕ ಹಾಕಿದ್ದು ಬೇರೆ. ಆಚೆಯವರು ತಮ್ಮ ಮಾರಿಯನ್ನು ಗುಟ್ಟಾಗಿ ನಮ್ಮ ಕಡೆ ದಾಟಿಸಿದ್ದಾರೆ ಎಂದರು.

ಮಾರಿ ದಾಟಿಸುವುದು ಎಂದರೆ ಏನು ಎಂದು ಹೇಳಬೇಕು. ರೋಗ ಬಂದ ಊರಿನವರು ಒಂದು ಪ್ರಾಣಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಕೊಂಬಿಗೆ ಹಸಿರು ಬಳೆ, ಕೊರಳಿಗೆ ಕುಪ್ಪಸದ ಕಣ ಕಟ್ಟಿ, ಮೊರ, ಪೊರಕೆ ತುಂಬಿದ ಬುಟ್ಟಿ ಹೊತ್ತು, ನಸುಕಿನಲ್ಲಿ ಊರ ಗಡಿ ದಾಟಿಸಿ ಬರುತ್ತಾರೆ. ರೋಗ ಅದರ ಹಿಂದೆ ಹೋಗುತ್ತದೆ. ಹೊತ್ತವನು ಬಾಯಿ ಬಿಡಬಾರದು, ಬಿಟ್ಟರೆ ಮಾರಿ ತಿರುಗಿ ಬರುತ್ತಾಳೆ. ಯಾರ ಗಡಿಗೆ ಬಂತೋ ಅವರು ಅದನ್ನು ಮುಂದಿನ ಊರಿಗೆ ದಾಟಿಸಬೇಕು. ದಾಟಿಸುವವರು ಕೈಗೆ ಸಿಕ್ಕಿದರೆ ಹೊಡೆಯುವುದು ಗಡಿಯವರ ಹಕ್ಕು.

ಹಾಗಾಗಿ ಹಳ್ಳಕ್ಕೆ ಕಾವಲು ಬಿತ್ತು. ಮನೆಗೊಬ್ಬರಂತೆ ಸರದಿಯ ಮೇಲೆ ದೊಣ್ಣೆ ಹಿಡಿದು ನಸುಕಿನಿಂದ ಬಿಸಿಲೇರುವವರೆಗೆ ನಿಲ್ಲಬೇಕು. ಹಲಗೆ ಬಡಿದರೆ ಊರಿನ ಗಂಡಸರೆಲ್ಲ ಓಡಬೇಕು. ಓಡದ ಮನೆಗೆ ಬೆಂಕಿ, ನೀರು ಕೊಡುವಂತಿಲ್ಲ. ನನ್ನ ಗಂಡ ಚಾವಡಿಗೆ ಹೋಗಿ ಸೂಜಿಯ ವಿಚಾರ ಹೇಳಿದರು. “ಮೇಷ್ಟ್ರೇ, ನಿಮ್ಮ ಹೆಂಡ್ತಿ ಆ ಕಡೆಯೋರು. ನೀವು ಸುಮ್ನಿದ್ರೆ ಒಳ್ಳೇದು” ಎಂದರಂತೆ. ಅವರು ಸುಮ್ಮನಾದರು. ಮನೆಗೆ ಬಂದು, “ಪುಸ್ತಕದಲ್ಲಿ ಓದೋವಾಗ ಚೆನ್ನಾಗಿತ್ತು” ಎಂದಷ್ಟೇ ಹೇಳಿ ದೀಪದ ಮುಂದೆ ಕೂತರು.

ಮಾರ್ಗಶಿರದ ಇಬ್ಬನಿ. ಎದುರಿಗೆ ಬಂದವರ ಮುಖ ಕಾಣುವುದಿಲ್ಲ. ಆ ಬೆಳಿಗ್ಗೆ ಕಾವಲಿಗೆ ಮಾವ ಹೋಗಿದ್ದರು. ನಾನು ಒಲೆ ಊದುತ್ತಿದ್ದೆ, ಹಲಗೆ ಬಡಿಯಿತು. ನನ್ನ ಗಂಡ ಎದ್ದು ಓಡಿದರು. ಅದರ ಹಿಂದೆಯೇ ಒಂದು ದನ ಕೂಗಿದ್ದು ಕೇಳಿಸಿತು. ತಿಂಗಳಿನಿಂದ ಆ ಊರಲ್ಲಿ ದನದ ಕೂಗು ಕೇಳಿರಲಿಲ್ಲ. ಈ ಕೂಗು ನನಗೆ ಗುರುತಿತ್ತು. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಕಾಲು ಎಲ್ಲಿ ಬೀಳುತ್ತಿದೆ ಎಂದು ನೋಡದೆ ಹಳ್ಳಕ್ಕೆ ಓಡಿದೆ.

ಅಲ್ಲಿ ದೊಣ್ಣೆ ಹಿಡಿದವರೆಲ್ಲ ಸುಮ್ಮನೆ ನಿಂತಿದ್ದರು. ಅಣ್ಣ ಈ ದಡದಲ್ಲಿ, ಅರ್ಧ ಮೈ ನೀರಿನಲ್ಲಿ ಬಿದ್ದಿದ್ದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಗಂಡ, “ನಮ್ಮ ಭಾವ ಕಣ್ರೋ, ನಮ್ಮ ಭಾವ ಕಣ್ರೋ” ಎಂದು ಅದನ್ನೇ ಹೇಳುತ್ತಿದ್ದರು. ಪಕ್ಕದಲ್ಲಿ ಕೆಂದಾಕಳು. ಮುಖಕ್ಕೆ ಅರಿಶಿನ, ಕೊಂಬಿಗೆ ಹಸಿರು ಬಳೆ, ಕೊರಳಲ್ಲಿ ಕುಪ್ಪಸದ ಕಣ. ನನ್ನ ಅವ್ವ ಮಗಳ ಮನೆಗೆ ಕಳಿಸುವ ಆಕಳನ್ನು ಸಿಂಗರಿಸಿದ್ದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ ರೀತಿ. ನೆಂದ ಕಂಬಳಿಯೊಂದು ಅಣ್ಣನ ಬಗಲಲ್ಲಿ ಅಲುಗಾಡುತ್ತಿತ್ತು. ಅದರೊಳಗೆ ಎಳೆಗರು. ತಣ್ಣೀರು ತಾಗಬಾರದೆಂದು ಅದನ್ನು ಸುತ್ತಿ ಹೆಗಲ ಮೇಲೆ ಹೊತ್ತು ತಂದಿದ್ದ. ಇಬ್ಬನಿಯಲ್ಲಿ ನಿಂತವರಿಗೆ ಕಂಡದ್ದು ಸಿಂಗಾರದ ದನ, ಹೊರೆ ಹೊತ್ತ ಮನುಷ್ಯ.

ಯಾರು, ಯಾರು ಎಂದು ಕೂಗಿ ಕೂಗಿ ಕೇಳಿದರಂತೆ. ಅವನು ಕೈ ಎತ್ತಿ ಊರಿನ ಕಡೆ ತೋರಿಸಿದನಂತೆ, ಮಾತಾಡಲಿಲ್ಲ. ಈ ದಡದವರಿಗೆ ಅದೊಂದು ಗೊತ್ತಿರಲಿಲ್ಲ. ನಮ್ಮ ಮನೆಯ ರೂಢಿ: ಮಗಳ ಮನೆಗೆ ಕರೆಯುವ ಆಕಳು ಒಯ್ಯುವವನು, ಹಗ್ಗವನ್ನು ಅವಳ ಕೈಗೆ ಕೊಡುವ ತನಕ ಬಾಯಿ ಬಿಡಬಾರದು, ಬಿಟ್ಟರೆ ಹಾಲು ದಾರಿಯಲ್ಲೇ ಉಳಿಯುತ್ತದೆ. ಅವ್ವ ಹೇಳಿ ಕಳಿಸಿರುತ್ತಾಳೆ. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಬದುಕುತ್ತಿದ್ದ. ಎಷ್ಟೋ ವರ್ಷ ನಾನು ಅವನನ್ನೂ ಮನಸ್ಸಿನಲ್ಲಿ ಬೈದಿದ್ದೇನೆ, ಅಯ್ಯೋ ಮಂಕೇ, ಕೂಗಬಾರದಿತ್ತೇನೋ ಎಂದು. ಮೊದಲ ಏಟೇ ತಲೆಗೆ ಬಿತ್ತಂತೆ. ಆಮೇಲೆ ಕೂಗಬೇಕೆಂದರೂ ಆಗುತ್ತಿತ್ತೋ ಇಲ್ಲವೋ.

ನಾನು ನೀರಿನಲ್ಲೇ ಕೂತೆ. ಹಗ್ಗ ಅವನ ಮುಷ್ಟಿಯಲ್ಲಿತ್ತು. ನನ್ನನ್ನು ನೋಡಿ ಆ ಮುಷ್ಟಿಯನ್ನು ನನ್ನ ಕೈಯಲ್ಲಿ ಇಟ್ಟು ಬಿಡಿಸಿದ. ಆಮೇಲೆ ಮಾತಾಡಿದ.

“ಕರಾ ನೆಂದೈತಿ. ಮೊದ್ಲ ಅದನ್ನ ಒರಸು.”

ಆಚೆಯವರು ಸುದ್ದಿ ತಿಳಿದು ಬಂದು, ಕಂಬಳಿಯಲ್ಲಿ ಅವನನ್ನು ಹೊತ್ತುಕೊಂಡು ಶಿಕಾರಿಪುರದ ಆಸ್ಪತ್ರೆಯ ದಾರಿ ಹಿಡಿದರು. ದಾರಿಯಲ್ಲೇ ಹೋಗಿಬಿಟ್ಟ. ಮಣ್ಣಿಗೆ ನನ್ನನ್ನು ಬಿಡಲಿಲ್ಲ. ಈ ಊರಿನವರು ಹೋಗಬೇಡ ಎಂದರು, ಆ ಊರಿನವರು ಬರಬೇಡ ಎಂದರು. ಪೊಲೀಸರು ಬಂದು ಕೇಳಿದರು. ಇಬ್ಬನಿ, ಯಾರು ಹೊಡೆದರೋ ಕಾಣಲಿಲ್ಲ ಎಂದು ಇಡೀ ಊರು ಒಂದೇ ಬಾಯಲ್ಲಿ ಹೇಳಿತು.

ಮಾವ ಮಾತ್ರ ಆ ಸಂಜೆ ನನ್ನ ಮುಂದೆ ಬಂದು ನಿಂತರು. ತಲೆಯ ಟವಲ್ಲು ತೆಗೆದು ಕೈಯಲ್ಲಿ ಹಿಡಿದಿದ್ದರು.

“ನಂದೂ ಒಂದು ಏಟು ಬಿತ್ತು ಕಣವ್ವ. ಅದು ಮೊದಲ್ನೇದೋ ಆಮೇಲಿಂದೋ, ಸುಳ್ಳು ಹೇಳಲ್ಲ, ನಂಗೆ ಗೊತ್ತಿಲ್ಲ.”

ಅವತ್ತಿನಿಂದ ಅವರು ಸಾಯುವ ತನಕ ಅವರಿಗೆ ಊಟ ಬಡಿಸಿದ್ದೇನೆ, ಬಿಸಿನೀರು ಕಾಸಿಕೊಟ್ಟಿದ್ದೇನೆ, ಹಾಸಿಗೆ ಹಿಡಿದಾಗ ಮೈ ಒರೆಸಿದ್ದೇನೆ. ಮಾತಾಡಲಿಲ್ಲ. ಒಳ್ಳೆಯ ಮನುಷ್ಯ ಎಂದು ನಾನು ಈಗಲೂ ಹೇಳುತ್ತೇನೆ, ಆ ಸಿಟ್ಟೂ ಈಗಲೂ ಹಾಗೇ ಇದೆ. ದೊಡ್ಡ ಮನಸ್ಸು ಮಾಡು ಎಂದು ನೆಂಟರಿಷ್ಟರು ಬುದ್ಧಿ ಹೇಳಿದರು. ಅಷ್ಟು ದೊಡ್ಡ ಮನಸ್ಸು ನನಗಿಲ್ಲ.

ನನ್ನ ಗಂಡನನ್ನು ಒಂದು ಸಲ ಕೇಳಿದೆ: “ನಿಮ್ಮ ಪುಸ್ತಕದಾಗ ದನ ಕದ್ದೋರ ಹೆಸರೈತಿ, ಬಿಡಿಸ್ಕೊಂಡ್ ಬಂದೋರ ಹೆಸರೈತಿ. ತಂಗಿಗೆ ಅಂತ ತಂದುಕೊಟ್ಟೋರ ಹೆಸರು ಐತೇನ್ರಿ?” ಅವರು ಪುಸ್ತಕ ತಿರುವಿ ನೋಡಿ ಇಲ್ಲ ಎಂದರು. ಆ ಗಡಿಯಲ್ಲೂ ಅಂಥವರು ಇದ್ದೇ ಇದ್ದಿರಬೇಕು. ಯಾರೂ ಬರೆದಿಟ್ಟಿಲ್ಲ, ಅಷ್ಟೇ.

ಆಕಳನ್ನು ಏನು ಮಾಡುವುದು ಎನ್ನುವುದು ಉಳಿಯಿತು. ಇದು ಮಾರಿಯ ದನವೇ, ಇಲ್ಲದಿದ್ದರೆ ಇಷ್ಟೆಲ್ಲ ಯಾಕಾಗುತ್ತಿತ್ತು ಎಂದು ಈ ಊರಿನವರು ಒಳಗೆ ಬಿಡಲಿಲ್ಲ. ಮಗಳಿಗೆ ಕೊಟ್ಟದ್ದು, ಮೇಲೆ ರಕ್ತ ಬಿದ್ದದ್ದು, ವಾಪಸು ತರುವಂತಿಲ್ಲ ಎಂದು ಆ ಊರಿನವರೂ ಒಯ್ಯಲಿಲ್ಲ. ಕೆಂದಾಕಳು ಕರುವಿನ ಜತೆ ಹಳ್ಳದಲ್ಲೇ ನಿಂತಿತು. ಕರು ಕುಡಿದು ಉಳಿದ ಹಾಲಿಗೆ ಕೆಚ್ಚಲು ಬಿಗಿದು ಅರಚುತ್ತಿತ್ತು. ಮನೆಯೊಳಗೆ ನನ್ನ ಕೂಸು ಅರಚುವ ಶಕ್ತಿಯೂ ಇಲ್ಲದೆ ಬಾಯಿ ಮಾತ್ರ ತೆರೆಯುತ್ತಿತ್ತು.

ನಾನು ತಂಬಿಗೆ ತೆಗೆದುಕೊಂಡು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡೆ. “ಆ ಹಾಲು ಈ ಮನೆ ಹೊಸಲು ದಾಟಬಾರ್ದು” ಎಂದರು ಅತ್ತೆ. ದಾಟಿಸುವುದಿಲ್ಲ ಎಂದೆ. ಹಳ್ಳಕ್ಕೆ ಹೋದೆ. ಕಾವಲಿನವರು ಇನ್ನೂ ಇದ್ದರು. ಒಬ್ಬ ದೊಣ್ಣೆ ಅಡ್ಡ ಹಿಡಿದು, “ಮುಟ್ಬೇಡ, ಊರಿಗೆ ತಗುಲ್ತದೆ” ಎಂದ. “ಇನ್ನೇನು ಉಳದೈತಿ ನಿಮ್ಮೂರಾಗ ತಗಲೋಕ?” ಎಂದೆ. ದೊಣ್ಣೆ ಇಳಿಯಿತು. ಆಕಳಿನ ಕೊಂಬಿನ ಬಳೆ ಒಡೆದು ನೀರಿಗೆ ಹಾಕಿದೆ, ಮುಖದ ಅರಿಶಿನ ತೊಳೆದೆ, ಕರುವನ್ನು ಬಿಟ್ಟು ಹಾಲು ಸೊರೆಸಿ ಕರೆದೆ. ಅಲ್ಲೇ ಕಲ್ಲಿನ ಮೇಲೆ ಕೂತು, ಅರ್ಧ ನೀರು ಬೆರೆಸಿ, ಬಟ್ಟೆಯ ತುದಿ ಅದ್ದಿ ಅದ್ದಿ ಕೂಸಿನ ಬಾಯಿಗೆ ಹಿಂಡಿದೆ. ಮೊದಲು ಹಾಲು ತುಟಿಯಿಂದ ಹೊರಗೆ ಹರಿಯಿತು. ಆಮೇಲೆ ಗಂಟಲು ಅಲುಗಾಡಿತು. ಬೆಳಿಗ್ಗೆ ಸಂಜೆ ಹಾಗೆ ಹೋಗಿ ಬಂದೆ. ಯಾರೂ ನನ್ನ ಹತ್ತಿರ ಸುಳಿಯಲಿಲ್ಲ. ನನ್ನನ್ನೇ ಮಾರಿ ಎಂದುಕೊಂಡಿದ್ದರು, ನನಗೂ ಅದೇ ಬೇಕಾಗಿತ್ತು.

ಅಣ್ಣನ ದಿನದ ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಆಚೆಯ ದಡಕ್ಕೆ ಅವ್ವ ಬಂದಳು. ಒಬ್ಬಳೇ. ಇಳಿದು ಬರಲಿಲ್ಲ, ದಡದ ಮೇಲೆಯೇ ನಿಂತಳು. ಮುಖ ಒಣಗಿ ಇಷ್ಟಾಗಿತ್ತು. ನಾನು ಎದ್ದು ನಿಂತೆ. ಯಾರು ಹೊಡೆದರು ಎಂದು ಕೇಳುತ್ತಾಳೆ, ನಿನ್ನ ಮಾವನೂ ಇದ್ದನೇ ಎಂದು ಕೇಳುತ್ತಾಳೆ ಎಂದುಕೊಂಡೆ. ಹೇಳಿಬಿಡಲು ಗಟ್ಟಿಯಾಗಿದ್ದೆ.

“ಕೂಸು ಹಾಲು ಕುಡಿತೈತೇನ?” ಎಂದಳು.

“ಕುಡಿತೈತವ್ವ.”

“ದಕ್ಕತೈತೇನ?”

“ದಕ್ಕತೈತಿ. ನಿನ್ನೆ ನನ್ನ ಬೆರಳ ಹಿಡಕೊಂತು.”

ನನಗೆ ಅಳು ಒತ್ತರಿಸಿ ಬಂತು. ಅವ್ವ ಕೈ ಎತ್ತಿ ತಡೆದಳು. “ಅಳಬ್ಯಾಡ. ನೀ ಅತ್ತರ ಕೂಸು ಕುಡ್ಯೋದ ಬಿಡ್ತೈತಿ. ಮೊದ್ಲ ಕುಡಸು” ಎಂದಳು. ಬೇರೆ ಒಂದು ಮಾತೂ ಆಡದೆ ಹಿಂದಕ್ಕೆ ತಿರುಗಿದಳು. ಬಿದಿರು ಮೆಳೆಯ ಮರೆಗೆ ಹೋಗುವ ತನಕ ನೆಟ್ಟಗೆ ನಡೆದಳು. ಆಮೇಲೆ ಆಚೆಯಿಂದ ಅವಳು ಅಣ್ಣನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ನಾನು ಹೋಗಲಿಲ್ಲ, ಕಲ್ಲಿನ ಮೇಲೆ ಕೂತು ಹಾಲು ಕುಡಿಸಿದೆ.